ಒಂಚೂರು

ಹ್ಯಾಂಡಲ್ಲು ಸತ್ತ ಹೊಲಿಗೆ ಮಿಷನ್ನಿನದು,
ಬಾಣಾವರದ ದರ್ಜಿಯೊಬ್ಬ ರಿಪೇರಿಗೆ ಬಿಟ್ಟು
ಬಾರದೇ ಹೋದದ್ದು. ದೂಡುವ ಕಡ್ಡಿ ಹರಿದ ಛತ್ರಿಯದು,
ತಲೆಗೆ ಕರಟ, ಸೆರಗಿಗೆ ಲೈನಿಂಗ್ ಬಟ್ಟೆಯ ಚೂರು.
ಅರಸೀಕೆರೆಯಲ್ಲಿ ಇವಕ್ಕೆಲ್ಲ ದುಡ್ಡು ಕೊಡಬೇಕಿಲ್ಲ.

ಕಷ್ಟ ಕೊಟ್ಟದ್ದು ಮಣಿಕಟ್ಟು.

ಚಕ್ರಕ್ಕೆ ಗೊತ್ತಿರುವುದು ಒಂದೇ: ಸುತ್ತು.
ಮೊರಕ್ಕೆ ಬೇಕಾದದ್ದು ಏರು, ಬೀಳು.
ಇವೆರಡರ ನಡುವೆ ಮಾತು ಕುದುರಿಸಲು
ಹಲಸಿನ ಹಲಗೆಯಲ್ಲೊಂದು ಕ್ಯಾಮ್ ಕೊಯ್ದೆ,
ಬಸವನಹುಳದ ಬೆನ್ನಿನ ಹಾಗೆ
ಮೆಲ್ಲಗೆ ಉಬ್ಬಿ ಉಬ್ಬಿ, ಕೊನೆಗೊಂದು ಪ್ರಪಾತ.
ಮೊದಲನೆಯದು ನಾರಿನ ಗುಂಟ ಸೀಳಿತು.
ಎರಡನೆಯದು ದಪ್ಪ. ಮೂರನೆಯದನ್ನು
ಹೆಂಡತಿ ಒಲೆಗೆ ಹಾಕಿದಳು, ಗೊತ್ತಿಲ್ಲದೆ.
ಗೊತ್ತಿದ್ದೂ ಇರಬಹುದು.
ನಾಲ್ಕನೆಯದು ಸುತ್ತಿತು.

ಗೊಂಬೆ ಕೇರಿತು. ಟಕ್, ಟಕ್.
ಹುಬ್ಬಳ್ಳಿ ಪ್ಯಾಸೆಂಜರ್ ಹೋಗುವವರೆಗೂ
ಅಂಗಡಿ ಬಾಗಿಲು ಮುಂದೆ ಮಾಡಿ
ತಿರುಗಿಸುತ್ತಲೇ ಕೂತಿದ್ದೆ.

ಮಾರನೇ ದಿನ ಹೊನ್ನಾಜಮ್ಮ ಬಂದರು,
ಮಗಳ ಮಿಷನ್ನಿಗೆ ಬಾಬಿನ್ ಕೇಳಲು.
ರಾಗಿ ಮಂಡಿಯಲ್ಲಿ ಮೂವತ್ತು ವರ್ಷ ಕೇರಿದ ಕೈ.
ನೋಡಿದರು. ನಗಲಿಲ್ಲ.
ಹ್ಯಾಂಡಲ್ ಹಿಡಿದು ತಿರುಗಿಸಿದರು, ಹಿಂದಕ್ಕೆ.
ಕಡ್ಡಿ ಪ್ರಪಾತದ ಗೋಡೆಗೆ ಒದ್ದು ನಿಂತಿತು.
"ಹಿಂದಕ್ಕೆ ಹೋಗಲ್ಲ ಅಜ್ಜಿ" ಅಂದೆ.
"ನಾನೂ ಹೋಗಲ್ಲ ಬಿಡು" ಅಂದು ಮುಂದಕ್ಕೆ ತಿರುಗಿಸಿದರು.
ಒಂದು ಸುತ್ತು. ಎರಡು.
"ಪಾಷಾ, ಇವಳು ಕೇರ್ತಿಲ್ಲ ಕಣಪ್ಪ,
ನೊಣ ಓಡಿಸ್ತಾವ್ಳೆ."

ಗೋಡೆಯ ಹಳೇ ಕ್ಯಾಲೆಂಡರಿನ ರಟ್ಟು ಇಳಿಸಿ
ಅದರ ಮೇಲೆ ಸ್ಕ್ರೂ, ವಾಷರು, ನೂಲಿನ ಚಿಂದಿ
ಎಲ್ಲ ಬೆರೆಸಿ ಸುರಿದು
ಕೂತಲ್ಲೇ ಕೇರಿದರು. ನೂಲು ಹಾರಿತು.
ಸ್ಕ್ರೂ ಒಂದೂ ಬೀಳಲಿಲ್ಲ.
"ಏರೋವಾಗಲ್ಲ ಹೊಟ್ಟು ಹಾರೋದು,
ಇಳಿಯೋವಾಗಲೂ ಅಲ್ಲ.
ಮೇಲೆ ಒಂಚೂರು ನಿಲ್ತದಲ್ಲ ಕೈ,
ಆವಾಗ."

ಆ ಒಂಚೂರು ಎಷ್ಟು?
ಕೋನಮಾಪಕ ಇಟ್ಟು ಅಳೆದೆ. ಹನ್ನೆರಡು ಡಿಗ್ರಿ ಕಮ್ಮಿ,
ಇಪ್ಪತ್ತು ಜಾಸ್ತಿ. ಅರದಿಂದ ಉಜ್ಜಿ, ಊದಿ, ಮತ್ತೆ ಉಜ್ಜಿ
ಪ್ರಪಾತದ ಅಂಚಿಗೊಂದು ಸಣ್ಣ ಬಯಲು ಮಾಡಿದೆ,
ಉಗುರಿನ ಅಗಲ.

ಈಗ ಮೊರದಲ್ಲಿ ಏಳು ರಾಗಿ ಕಾಳು,
ಒಂದು ಚಿಟಿಕೆ ಹೊಟ್ಟು.
ತಿರುಗಿಸುತ್ತೇನೆ. ಏರುತ್ತದೆ. ನಿಲ್ಲುತ್ತದೆ.
ಇಲ್ಲಿ ನನ್ನ ಕೈ ತಿರುಗುತ್ತಲೇ ಇದೆ,
ಅವಳದು ಮಾತ್ರ ನಿಂತಿದೆ.
ಬೀಳುತ್ತದೆ.

ಹೊಟ್ಟಿನಲ್ಲಿ ಅರ್ಧ ಬೆಂಚಿನ ಮೇಲೆ.
ಕಾಳು ಎಣಿಸಿದರೆ ಆರು.
ಏಳನೆಯದು ಎಣ್ಣೆ ಡಬ್ಬಿಯ ಹಿಂದೆ ಎಲ್ಲೋ.
ಹೊನ್ನಾಜಮ್ಮನಿಗೆ ಹೇಳಿಲ್ಲ.