ಕರ್ತೃವಿಚಾರ

ಓಲೆಗರಿಯ ಕೊನೆಯ ತುದಿ ಗೆದ್ದಲಿಗೆ ಹೋಗಿದೆ;
ಬರೆದವನ ಹೆಸರಿದ್ದದ್ದು ಅಲ್ಲೇ.
ಉತ್ತರದವನೋ, ದಕ್ಷಿಣದವನೋ, ಒಬ್ಬನೋ, ಹಲವರೋ,
ಹನ್ನೊಂದು ವರ್ಷ ಟಿಪ್ಪಣಿ ಬರೆದೆ.

ಸುಂಕೇರಿ ಸೇತುವೆಯ ಕೆಳಗೆ, ಕಾಳಿಯ ಇಳಿತದಲ್ಲಿ
ಶೇವಂತಿ ಹರಿಕಂತ್ರ ಕುರ್ಲಿಗಳಿಗೆ ನಾರಿನ ಹುರಿ ಬಿಗಿಯುತ್ತಿದ್ದಳು.
ಮೀನು ದಾಟಿಸುವ ನೆಪದ ಮುದಿ ಕೊಕ್ಕರೆ,
ಅದರ ಕುತ್ತಿಗೆ ಕತ್ತರಿಸಿದ ಏಡಿ:
ಸಂಸ್ಕೃತ ಬಿಟ್ಟು ಹೇಳಿದೆ.
ಯಾರು ಕಟ್ಟಿರಬಹುದು ಇದನ್ನು?

"ಹೆಸರು ನಂಗೆ ಗೊತ್ತಿಲ್ಲ, ಮಾಸ್ತರ್ರೇ.
ಅವ್ನಿಗೊಮ್ಮೆ ಕುರ್ಲಿ ಕಚ್ಚಿತ್ತು."
ಹೆಬ್ಬೆರಳಿನ ಬಿಳಿ ಕಲೆ ತೋರಿಸಿದಳು.
"ಇಲ್ಲಾಂದ್ರೆ, ಹಿಡಿದದ್ದು ಬಿಡೂದಿಲ್ಲ ಅಂತ
ಹ್ಯಾಂಗೆ ತಿಳೀತು?"

ಅರ್ಧ ಡಜನ್ ಕೊಂಡೆ. ನಾನು ತಿನ್ನುವವನಲ್ಲ.
ನೀರಂಚಿನ ಕೆಸರಲ್ಲಿ ಕೂತು,
ಕನ್ನಡಕ ತೆಗೆದು ಜೇಬಿಗಿಟ್ಟು,
ಮೊದಲನೆಯದರ ಹುರಿ ಬಿಚ್ಚಲು
ಬೆರಳು ಚಾಚಿದೆ.