ಕೂಳೆ

ನೋವಿರಲಿಲ್ಲ. ಅದೇ ಮೋಸ.
ಆಲೆಮನೆ ಮುಂದೆ ಕೂತು ಜಲ್ಲೆ ಸಿಗಿಯುವಾಗ
ಸಿಹಿಯ ಬೆನ್ನಿಗೇ ಒಂದು ಉಪ್ಪು ಬಂತು ಬಾಯಿಗೆ.
ಹಲ್ಲು ತುಸು ಅಲ್ಲಾಡಿತು, ಕೀಲು ಸಡಿಲಾದ ನೊಗದ ಹಾಗೆ.
ವಯಸ್ಸು ಅಂದುಕೊಂಡೆ. ಮೂವತ್ತೊಂಬತ್ತು.

ಪಾಂಡವಪುರದಿಂದ ಮೈಸೂರಿಗೆ ಬೆಳಗಿನ ರೈಲು.
ಹಲ್ಲಿನಾಸ್ಪತ್ರೆಯಲ್ಲಿ ಕಡ್ಡಿಯೊಂದನ್ನು ಕಚ್ಚಿಸಿ ನಿಲ್ಲಿಸಿದರು.
ಯಂತ್ರ ಮುಖದ ಸುತ್ತ ಬಂತು
ಹಳೇ ಗಾಣದ ಎತ್ತಿನ ಥರ, ಅವಸರವಿಲ್ಲದೆ.
ಫಿಲ್ಮಿನಲ್ಲಿ ನನ್ನ ದವಡೆ. ಅದರ ಮೂಲೆಯಲ್ಲಿ
ಹೆಗ್ಗಣ ತೋಡಿದ ಬದುವಿನಂಥ ಕತ್ತಲೆ.

'ಗಡ್ಡೆಯಲ್ಲ, ಚೀಲ' ಅಂದರು ಡಾಕ್ಟರ್ ನಸೀಮಾ.
'ಈಗಲೇ ಕಿತ್ತರೆ ಮೂಳೆ ಮುರಿದೀತು.
ಮೊದಲೊಂದು ಕಿಟಕಿ ಇಡೋಣ.'

ಎಂಟು ತಿಂಗಳು ಬಾಯೊಳಗೆ ಆ ಕಿಟಕಿ,
ಕಿಟಕಿಗೆ ಮದ್ದಿನ ಬತ್ತಿ.
ಉಂಡ ಮೇಲೆ ನಿಂಗಾಜಿ ಸಿರಿಂಜಿನಲ್ಲಿ ಉಪ್ಪುನೀರು ಬಿಡುವಳು
ನೀರಗಂಟಿಯ ಗಾಂಭೀರ್ಯದಲ್ಲಿ.
ಒಂದಗುಳು ಹೊರಬಂದರೂ ಗೆದ್ದವಳ ನಗೆ.
ಗುಳಿ ಕುಗ್ಗಿತು. ಮೂಳೆ, ಹೇಳದೆ ಕೇಳದೆ, ಒಳಕ್ಕೆ ಬೆಳೆಯಿತು.

ಆಮೇಲೆ ಆಪರೇಷನ್.
ಚೀಲದ ಗೋಡೆ ಹಾಲಿನ ಕೆನೆಯಂತೆ, ಎಳೆದರೆ ಹರಿಯುತ್ತದಂತೆ,
ಹರಿದ ಚೂರು ಎಲ್ಲೋ ಅಂಟಿ ಕೂತರೆ
ಅದೇ ಇನ್ನೊಂದು ಚೀಲ.
ಅದಕ್ಕೇ ಸುತ್ತಲ ಮೂಳೆಯನ್ನೂ ತೆಳ್ಳಗೆ ಕೆರೆದು,
ಸುಡುವ ಔಷಧಿ ಇಟ್ಟು, ಗಡಿಯಾರ ನೋಡಿ ತೆಗೆದರು.
ಬುದ್ಧಿಹಲ್ಲೂ ಹೋಯಿತು.
'ಇದ್ದದ್ದೇ ಅಷ್ಟು' ಅಂದಳು ಇವಳು.

ಕೂಳೆ, ಅಂದೆ ಊದಿದ ತುಟಿಯಲ್ಲಿ.
ಡಾಕ್ಟರಿಗೆ ತಿಳಿಯಲಿಲ್ಲ.
ಕಬ್ಬು ಕಡಿದ ಮೇಲೆ ಬುಡ ಬಿಡ್ತೀವಿ ಮೇಡಂ,
ನೆಡದೇನೇ ಮತ್ತೆ ಚಿಗುರುತ್ತೆ,
ನಾವು ಬೇಕೂಂತಲೇ ಬಿಡೋದು, ಪುಕ್ಕಟೆ ಬೆಳೆ.
ಅವರು ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು
ನನ್ನ ಚೀಟಿಯ ತುದಿಗೆ, ಇಂಗ್ಲಿಷಿನ ಕೆಳಗೆ, ಕನ್ನಡದಲ್ಲಿ ಬರೆದರು:
ಕೂಳೆ ನೋಡಬೇಕು. ಹತ್ತು ವರ್ಷ.
ನೋವಿಲ್ಲ ಅಂತ ತಪ್ಪಿಸಬಾರದು.

ಇದು ಆರನೆಯದು.
ನೋವಿಲ್ಲ. ಅದಕ್ಕೇ ಬಂದೆ.
ತುಟಿಯ ಎಡತುದಿಯಲ್ಲಿ ಇನ್ನೂ ಜೋಮು,
ಬಿಸಿ ಬೆಲ್ಲ ಅಲ್ಲಿ ಬರೀ ಒದ್ದೆ.
'ಕಚ್ಚಿ, ಅಲ್ಲಾಡಬೇಡಿ' ಅನ್ನುತ್ತಾನೆ ಹೊಸ ಹುಡುಗ.
ಕಚ್ಚುತ್ತೇನೆ. ರಸವಿಲ್ಲದ ಗಿಣ್ಣು.
ಎಡಗಿವಿಯಿಂದ ಎತ್ತು ಹೊರಡುತ್ತದೆ.

ಊರಲ್ಲಿ ಈ ಸಲದ ಕೂಳೆ ಮೊಣಕಾಲುದ್ದ ಎದ್ದಿದೆ.
ಗೊಬ್ಬರ ಹಾಕಿಸಬೇಕು, ಮೂರೂವರೆಯ ರೈಲು ಸಿಕ್ಕರೆ.
ಇಲ್ಲಿ ಮಾತ್ರ
ಏನೂ ಎದ್ದಿರದಿರಲಿ.