ತರ್ಟಿ-ಫಾರ್ಟಿ

ಲಗ್ಗೆರೆಯ ಸರ್ಕಾರಿ ಶಾಲೆ, ಹತ್ತನೇ ಬಿ,
ಮಧ್ಯಾಹ್ನದ ಕೊನೆಯ ಪೀರಿಯಡ್.
ಅಗಲಕ್ಕಿಂತ ಉದ್ದ ಹತ್ತಡಿ ಹೆಚ್ಚು,
ವಿಸ್ತೀರ್ಣ ಸಾವಿರದ ಇನ್ನೂರು ಚದರಡಿ.
ಅಗಲ ಎಷ್ಟು?

ಸೀಮೆಸುಣ್ಣ ಇನ್ನೂ ಎಕ್ಸ್ ಬರೆದಿಲ್ಲ,
"ತರ್ಟಿ-ಫಾರ್ಟಿ ಸೈಟು, ಮಿಸ್!"
ಇಡೀ ಕ್ಲಾಸು ನಕ್ಕಿತು.
ಈ ಊರಲ್ಲಿ
ಸೈಟಿಲ್ಲದವರಿಗೂ ಅದು ಬಾಯಿಪಾಠ.

ಹೆಜ್ಜೆ ತೋರಿಸಿ, ಎಂದೆ. ಹುಲಿಗೆಮ್ಮ ಎದ್ದು ಬಂದಳು.
ಅಪವರ್ತನ ಸರಿಯಾಗೇ ಬಿಡಿಸಿದಳು:
ಮೂವತ್ತು. ಅದರ ಕೆಳಗೆ, ಮೈನಸ್ ನಲವತ್ತು.
"ಅಗಲ ಋಣವಾಗಲ್ಲಮ್ಮ, ಹೊಡೆದುಹಾಕು."

ಡಸ್ಟರ್ ಹಿಡಿದು ನಿಂತೇ ಇದ್ದಳು.
"ಅಗಲ ಮೈನಸ್ ನಲವತ್ತಾದ್ರ
ಉದ್ದ ಮೈನಸ್ ಮೂವತ್ತಲ್ರೀ ಟೀಚರ.
ಗುಣಿಸ್ರಿ, ಅದೂ ಸಾವಿರದ ಇನ್ನೂರ ಬರ್ತೈತಿ."

ಬಂತು.
ಹತ್ತೊಂಬತ್ತು ವರ್ಷ ಹೊಡೆದುಹಾಕಿಸಿದ್ದೇನೆ,
ಒಮ್ಮೆಯೂ ಗುಣಿಸಿ ನೋಡಿರಲಿಲ್ಲ.

"ಎಲ್ಲಿರುತ್ತೆ ಅಂಥ ಸೈಟು?" ಹಿಂದಿನ ಬೆಂಚು.
"ನಮ್ಮಪ್ಪ ಸಂಪು ತೋಡತಾನ," ಅಂದಳು,
"ಮಂದಿ ಮನಿ ಕೆಳಗ."

ಗಂಟೆ ಹೊಡೆಯಿತು.
ಪರೀಕ್ಷೆಯಲ್ಲಿ ಮೂವತ್ತು ಅಂತಲೇ ಬರಿ, ಎಂದೆ.
ಬೋರ್ಡು ಒರೆಸದೆ ಬೀಗ ಹಾಕಿ ಹೊರಟೆ.
ಗೇಟಿನ ಪಕ್ಕ ಹೊಸ ಪಾಯ, ಬಿಗಿದ ದಾರ,
ದಾರದಡಿಯ ಕತ್ತಲಲ್ಲಿ
ಯಾರದೋ ಗುದ್ದಲಿ, ಒಂದು,
ಮತ್ತೊಂದು.